ಊರಿನವರು ಕಾಯುವ ಕಾಡಿನಲ್ಲಿ ಕಾರ್ಬನ್ ಅಳೆಯಬೇಕಾ?

ಪರ: ಅಳೆಯಲಿ, ಊರಿನವರೇ ಅಳೆಯಲಿ

ಮರಗಳು ಗಾಳಿಯಿಂದ ಹೀರಿ ಕೂಡಿಟ್ಟುಕೊಳ್ಳುವ ಕಾರ್ಬನ್ ಬಗ್ಗೆ ಬೆಂಗಳೂರಿನಲ್ಲಿ ಮಾತೆತ್ತಿದ ಕೂಡಲೇ ಸ್ಲೈಡು, ಡ್ಯಾಶ್‌ಬೋರ್ಡು, ಕನ್ಸಲ್ಟೆಂಟು. ಕಾಡಿನಲ್ಲಿ ಮುಖ್ಯವಾಗಿ ಬೇಕಾಗುವುದು ಒಂದು ಟೇಪು. ನೆಲದಿಂದ 1.3 ಮೀಟರ್ ಮೇಲೆ, ಅಂದರೆ ಎದೆ ಮಟ್ಟದಲ್ಲಿ, ಮರದ ಸುತ್ತಳತೆ ತೆಗೆಯಬೇಕು. ಯಾವ ಮರ ಅಂತ ಬರೆದುಕೊಂಡು ಸೂತ್ರಕ್ಕೆ ಹಾಕಿದರೆ ಒಣ ತೂಕದ ಅಂದಾಜು ಸಿಗುತ್ತದೆ. ಅದರಲ್ಲಿ ಸುಮಾರು 47% ಕಾರ್ಬನ್. ಅದನ್ನು ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಿ. ಒಣ ತೂಕ ಒಂದು ಟನ್ ಇರುವ ಮರ ಸುಮಾರು 1.7 ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಟ್ಟ ಹಾಗಾಯ್ತು.

ಇದಕ್ಕೆ ಡಿಗ್ರಿ ಬೇಕಿಲ್ಲ. ಊರಿನವರೇ ಕಾಡು ನೋಡಿಕೊಳ್ಳುವ ಉತ್ತರಾಖಂಡದ ವನ ಪಂಚಾಯ್ತಿಗಳಲ್ಲಿ, ನೇಪಾಳದಲ್ಲಿ ಊರಿನ ಜನ ಸ್ವಲ್ಪ ತರಬೇತಿ ಪಡೆದು ತಾವೇ ಅಳೆದಿದ್ದಾರೆ. ತಜ್ಞರ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ದೊಡ್ಡ ವ್ಯತ್ಯಾಸ ಬರಲಿಲ್ಲ. ಮರದ ಹೆಸರು ಹೇಳುವುದರಲ್ಲಂತೂ ಊರಿನವರೇ ಮುಂದು.

ಉಪಗ್ರಹ ಇದೆಯಲ್ಲ ಅಂತೀರಾ? ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈನಲ್ಲಿ ನಿಸಾರ್ ಹಾರಿಸಿದವು, ನಿಜ. ಆದರೆ ಅದರ ರೇಡಾರ್ ಹೆಕ್ಟೇರಿಗೆ ಸುಮಾರು 100 ಟನ್ ಜೀವರಾಶಿಯ (ಮರಗಿಡಗಳ ಒಣ ತೂಕದ) ತನಕ ಮಾತ್ರ ಚೆನ್ನಾಗಿ ಅಂದಾಜು ಮಾಡುತ್ತದೆ. ಪಶ್ಚಿಮ ಘಟ್ಟದ ದಟ್ಟ ಕಾಡು ಅದನ್ನು ಮೀರುತ್ತದೆ. ನೆಲದ ಮೇಲೆ ಯಾರಾದರೂ ಅಳೆಯಲೇಬೇಕು. 2030ರೊಳಗೆ ಹೆಚ್ಚುವರಿ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡನ್ನು ಮರಗಿಡಗಳಲ್ಲಿ ಹಿಡಿದಿಡುತ್ತೇವೆ ಅಂತ ದೇಶ ಮಾತು ಕೊಟ್ಟಿದೆ. ಆ ಲೆಕ್ಕದಲ್ಲಿ ಊರಿನ ಪಾಲು ಎಷ್ಟು ಅಂತ ಊರಿಗೇ ಗೊತ್ತಿಲ್ಲದಿದ್ದರೆ ಹೇಗೆ? ‘ಜನ ಇದ್ದರೆ ಕಾಡು ಹಾಳು’ ಅನ್ನುವ ಅಧಿಕಾರಿಯ ಮುಂದೆ ಇಡಲು ಕೈಯಲ್ಲಿ ಒಂದು ರಿಜಿಸ್ಟರ್ ಆದರೂ ಇರಲಿ.

ವಿರೋಧ: ಅಂಕಿ ಯಾರ ಕೈಗೆ ಹೋಗುತ್ತದೆ?

ಅಳೆಯಲು ಬರುತ್ತೆ, ಸರಿ. ಆದರೆ ಮರದ ಸುತ್ತಳತೆ ವರ್ಷಕ್ಕೆ ಹೆಚ್ಚುವುದು ಕೆಲವೇ ಮಿಲಿಮೀಟರು, ಟೇಪು ಸ್ವಲ್ಪ ಓರೆಯಾದರೆ ಅಷ್ಟೇ ತಪ್ಪು ಬರುತ್ತದೆ. ಮಣ್ಣಿನ ಕಾರ್ಬನ್ ಟೇಪಿಗೆ ಸಿಗುವುದೇ ಇಲ್ಲ, ಅದಕ್ಕೆ ಲ್ಯಾಬ್ ಬೇಕು. ಉಳಿಸಿದ ಕಾರ್ಬನ್ನಿಗೆ ಸಿಗುವ, ಕಂಪನಿಗಳು ತಮ್ಮ ಹೊಗೆಯ ಲೆಕ್ಕಕ್ಕೆ ಕೊಳ್ಳುವ ಪತ್ರವೇ ಕ್ರೆಡಿಟ್; ಅದನ್ನು ಮಾರಬೇಕಾದರೆ ಹೊರಗಿನ ಆಡಿಟರ್ ಬರಬೇಕು. ಅಗ್ಗದ ಟೇಪಿನಿಂದ ಶುರುವಾದದ್ದು ಕೊನೆಗೆ ಕನ್ಸಲ್ಟೆಂಟ್ ಹತ್ತಿರವೇ ಬಂತು.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಳೆ ಹಬ್ಬಿತು ಅನ್ನುತ್ತಾರೆ ಅವರು. 2011ರಲ್ಲಿ ಅವರಿಗೆ ಕಾಡನ್ನು ಬಳಸುವ, ನೋಡಿಕೊಳ್ಳುವ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಈಗ ಕಾರ್ಬನ್ ಪುಸ್ತಕ ತೆರೆಯಿರಿ: ಬೆಂಕಿ ಅಂದರೆ ನಷ್ಟ. ಪೊದೆಗಳನ್ನೂ ಎಣಿಸಿದರೆ ಲಂಟಾನ ಲಾಭ! ಜೇನಿಗೆ, ನೆಲ್ಲಿಕಾಯಿಗೆ, ದನದ ಮೇವಿಗೆ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಹಕ್ಕು ಇದ್ದೂ, ಕಾಡನ್ನು ಹೇಗೆ ನೋಡಿಕೊಳ್ಳಬೇಕು ಅಂತ ಹೇಳುವವರು ಬೇರೆಯವರಾಗುತ್ತಾರೆ.

ಇನ್ನೊಂದು. ಕ್ರೆಡಿಟ್ ಸಿಗುವುದು ‘ಹೊಸದಾಗಿ’ ಉಳಿಸಿದ ಕಾರ್ಬನ್ನಿಗೆ. ಕುಮಟಾದ ಹಳಕಾರಿನಂತೆ ಬ್ರಿಟಿಷರ ಕಾಲದಿಂದಲೂ ಕಾಡು ಕಾದುಕೊಂಡು ಬಂದ ಊರಿಗೆ ಹೊಸದಾಗಿ ತೋರಿಸಲು ಏನಿದೆ? ಕುಡಿತ ಬಿಟ್ಟವನಿಗೆ ಸನ್ಮಾನ, ಕುಡಿಯದೇ ಇದ್ದವನಿಗೆ ಏನೂ ಇಲ್ಲ ಅನ್ನುವ ಹಾಗೆ. ಇತ್ತ ಕ್ರೆಡಿಟ್ ಕೊಂಡ ಕಂಪನಿ ತನ್ನ ಹೊಗೆ ಕಡಿಮೆ ಮಾಡದೆಯೇ ಹಸಿರು ವರದಿ ಅಚ್ಚು ಹಾಕಿಸಬಹುದು.

ಮೊದಲು ಗ್ರಾಮಸಭೆ ಕೂತು ತೀರ್ಮಾನ ಮಾಡಲಿ: ಅಂಕಿ ಯಾರ ಹತ್ತಿರ ಇರಬೇಕು, ಮಾರಬೇಕಾ, ಮಾರಿದರೆ ಎಷ್ಟು ವರ್ಷಕ್ಕೆ, ಆ ವರ್ಷಗಳಲ್ಲಿ ಸೌದೆ ತರಬಹುದಾ. ಒಪ್ಪಂದ ಕನ್ನಡದಲ್ಲಿರಲಿ. ಅಲ್ಲಿಯ ತನಕ ಟೇಪು ಹಿಡಿದು ಬರುವ ನಮ್ಮ ಬೆಂಗಳೂರಿನವರಿಗೆ ಬೇಡ ಅನ್ನುವುದೇ ಸರಿ.