ಅನನೀಯನೂ ಮೊದಲು ಪ್ರಶ್ನೆ ಎತ್ತಿದ್ದ
ದೇವರಿಗೆ ವಿಧೇಯರಾಗುವುದರ ಕುರಿತ ಲೇಖನದ ಬಹುಪಾಲು ಒಪ್ಪುತ್ತೇನೆ, ಆದರೆ ‘ನಿಜವಾದ ವಿಧೇಯತೆ ದೇವರನ್ನು ಪ್ರಶ್ನೆ ಕೇಳುವುದಿಲ್ಲ’ ಎಂಬ ಮಾತನ್ನು ಒಪ್ಪಲಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 9ನೇ ಅಧ್ಯಾಯ ನೋಡಿ. ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನ (ಮುಂದೆ ಅಪೊಸ್ತಲ ಪೌಲನಾದವನ) ಬಳಿಗೆ ಹೋಗು ಎಂದು ಕರ್ತನಾದ ಯೇಸು ಹೇಳಿದಾಗ ದಮಸ್ಕದ ಶಿಷ್ಯ ಅನನೀಯ ಕೂಡಲೇ ಎದ್ದು ಹೊರಡಲಿಲ್ಲ. ಆ ಮನುಷ್ಯ ಯೆರೂಸಲೇಮಿನಲ್ಲಿ ನಿನ್ನ ಜನರಿಗೆ ಎಷ್ಟೋ ಕೇಡು ಮಾಡಿದ್ದಾನೆ, ಇಲ್ಲಿಯೂ ನಮ್ಮನ್ನು ಹಿಡಿದು ಕಟ್ಟಲು ಅಧಿಕಾರ ಪಡೆದು ಬಂದಿದ್ದಾನೆ ಎಂದು ಮನಸ್ಸಿನಲ್ಲಿದ್ದದ್ದನ್ನು ಬಿಚ್ಚಿ ಹೇಳಿದ. ಕರ್ತನು ಗದರಿಸಲಿಲ್ಲ, ಕಾರಣ ತಿಳಿಸಿ ‘ಹೋಗು’ ಎಂದ. ಅನನೀಯ ಹೋದ, ತನ್ನನ್ನು ಸೆರೆಗೆ ಎಳೆದೊಯ್ಯಬಹುದಾಗಿದ್ದವನ ಮೇಲೆ ಕೈಯಿಟ್ಟು ‘ಸಹೋದರನೇ’ ಎಂದು ಕರೆದ. ಇದಕ್ಕಿಂತ ದೊಡ್ಡ ವಿಧೇಯತೆ ಯಾವುದು? ಯೇಸುವಿನ ತಾಯಿ ಮರಿಯಳೂ ಅಷ್ಟೇ, ನಿನಗೆ ಮಗ ಹುಟ್ಟುವನು ಎಂದು ದೇವದೂತ ಹೇಳಿದಾಗ ಇದು ಹೇಗಾದೀತು ಎಂದು ಕೇಳಿದ ಮೇಲೆಯೇ ‘ನಾನು ಕರ್ತನ ದಾಸಿ’ ಎಂದಳು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಚರ್ಚಿನ ಯೌವನಸ್ಥರ ಕೂಟಗಳಲ್ಲಿ ಸಂದೇಹ ತೋಡಿಕೊಂಡ ಹುಡುಗ ಹುಡುಗಿಯರಿಗೆ ‘ನಿನಗೆ ನಂಬಿಕೆ ಸಾಲದು’ ಎಂದು ಬಾಯಿ ಮುಚ್ಚಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗೆ ಅನ್ನಿಸಿಕೊಂಡ ಕೆಲವರು ಸಭೆಗೆ ಬರುವುದನ್ನೇ ಬಿಟ್ಟರು. ಮತ್ತಾಯನ ಸುವಾರ್ತೆ 21ರಲ್ಲಿ ಯೇಸು ಹೇಳಿದ ಇಬ್ಬರು ಗಂಡುಮಕ್ಕಳ ಕಥೆಯಲ್ಲೂ ತಂದೆಯ ಚಿತ್ತದಂತೆ ನಡೆದವನು, ದ್ರಾಕ್ಷೆತೋಟಕ್ಕೆ ಹೋಗಲಾರೆ ಎಂದು ಮೊದಲು ಹೇಳಿ ಆಮೇಲೆ ಮನಸ್ಸು ಬದಲಾಯಿಸಿ ಹೋದ ಮಗ. ಹೋಗುತ್ತೇನೆ ಎಂದು ತಕ್ಷಣ ಒಪ್ಪಿದವನು ಹೋಗಲೇ ಇಲ್ಲ.