ರೋಬೋಟಿಕ್ಸ್ ತಂಡಕ್ಕೆ ಮಾರ್ಕ್ಸ್ ಕಾರ್ಡ್ ಕೇಳಬೇಡಿ

ಮೊನ್ನೆ ಪರಿಚಯದವರೊಬ್ಬರು ಮಗಳ ಹೈಸ್ಕೂಲಿನ ನೋಟಿಸ್ ಕಳಿಸಿದ್ದರು. ರೋಬೋಟಿಕ್ಸ್ ತಂಡಕ್ಕೆ ಹೆಸರು ಕೊಡಬಹುದು, ಆದರೆ ಕಳೆದ ವರ್ಷ ಗಣಿತ, ವಿಜ್ಞಾನ ಎರಡರಲ್ಲೂ 85 ದಾಟಿರಬೇಕು ಅಂತ ಅದರಲ್ಲಿತ್ತು. ಓದಿ ನಿಜಕ್ಕೂ ಬೇಜಾರಾಯಿತು. ಶಾಲೆಯ ಹೆಸರು ಬೇಡ. ಇಂಥ ಶಾಲೆ ಅದೊಂದೇ ಅಲ್ಲ.

ನಾನು ಸಾಗರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವನು. ಹತ್ತಿರದ ಶಾಲೆಯೊಂದರ ಮೇಷ್ಟ್ರು ಕರೆದರು ಅಂತ ಅವರ ತಂಡಕ್ಕೆ ಮೋಟಾರು, ವೈರಿಂಗ್ ವಿಷಯದಲ್ಲಿ ಸಹಾಯಕ್ಕೆ ಹೋಗುತ್ತೇನೆ. ಅಲ್ಲಿ ಕಂಡಿದ್ದನ್ನೇ ಹೇಳುತ್ತಿದ್ದೇನೆ. ಈ ತಂಡಕ್ಕೆ ಮಾರ್ಕ್ಸ್ ನೋಡಿ ಮಕ್ಕಳನ್ನು ಆರಿಸುವುದು ತಪ್ಪು.

ಈ ಸ್ಪರ್ಧೆಗಳು ಏನು ಕೇಳುತ್ತವೆ ನೋಡಿ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಅಂತ ಒಂದಿದೆ. 2004ರಲ್ಲಿ ಶುರುವಾಗಿದ್ದು, 2016ರಲ್ಲಿ ನಮ್ಮ ದೇಶದಲ್ಲೇ ಅದರ ಫೈನಲ್ ನಡೆದಿತ್ತು. ಒಂದು ತಂಡದಲ್ಲಿ ಎರಡು ಅಥವಾ ಮೂರು ಮಕ್ಕಳು. ಅದರ ರೋಬೋಮಿಷನ್ ವಿಭಾಗದಲ್ಲಿ, ಹೊರಡುವಾಗ ರೋಬೋ ಉದ್ದ, ಅಗಲ, ಎತ್ತರ ಮೂರರಲ್ಲೂ 25 ಸೆಂಟಿಮೀಟರಿನೊಳಗೆ ಇರಬೇಕು. ಎರಡು ನಿಮಿಷದಲ್ಲಿ ಕೆಲಸ ಮುಗಿಯಬೇಕು. ರಿಮೋಟ್ ಇಲ್ಲ. ಒಮ್ಮೆ ಹೊರಟ ಮೇಲೆ ರೋಬೋ ತಾನೇ ನೋಡಿಕೊಳ್ಳಬೇಕು. ಸ್ಪರ್ಧೆಯ ದಿನವೇ ಅಲ್ಲಿ ಒಂದು ಹೊಸ ನಿಯಮ ಹೇಳುತ್ತಾರೆ. ಕೋಚ್ ಹೊರಗೆ ನಿಂತಿರುತ್ತಾರೆ, ಒಳಗೆ ಮಕ್ಕಳೇ. ಇದಕ್ಕೆ ಗೈಡ್ ಬುಕ್ಕಿನಲ್ಲಿ ಉತ್ತರ ಸಿಗುವುದಿಲ್ಲ ಅಲ್ವಾ?

ಒಂದು ಶನಿವಾರ ನಡೆದಿದ್ದು ಹೇಳುತ್ತೇನೆ. ರೋಬೋ ಒಂದು ಬ್ಲಾಕನ್ನು ಹಿಡಿದು ಬಣ್ಣದ ಚೌಕದಲ್ಲಿ ಇಡಬೇಕಿತ್ತು. ಬೆಳಿಗ್ಗೆ ಸರಿಯಾಗಿ ಇಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚೌಕ ಮುಟ್ಟುವ ಮೊದಲೇ ನಿಲ್ಲಲು ಶುರುವಾಯಿತು. ಕೋಡ್ ಬರೆದ ಹುಡುಗಿ ತರಗತಿಗೇ ಮೊದಲು. ಒಂದೊಂದೇ ಸಾಲು ಓದಿದಳು, ತಪ್ಪಿರಲಿಲ್ಲ. ಚಕ್ರ ಬಿಚ್ಚಿ ಹಾಕಿದರು, ಮತ್ತೆ ಅದೇ ಕಥೆ. ಕಿಟಕಿ ಹತ್ತಿರ ಒಬ್ಬ ಹುಡುಗ ಸುಮ್ನೆ ನೋಡುತ್ತಾ ನಿಂತಿದ್ದ. ಅವನು ತಂಡದಲ್ಲಿ ಇರಲಿಲ್ಲ. "ಸರ್, ಬ್ಯಾಟರಿ ಇಳಿದಿರಬೋದಾ?" ಅಂದ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದೆವು. ಇಳಿದಿತ್ತು. ಕೋಡಿನಲ್ಲಿ ಮೋಟಾರನ್ನು ಮೂರು ಸೆಕೆಂಡ್ ಓಡಿಸು ಅಂತ ಇತ್ತು. ವೋಲ್ಟೇಜ್ ಕಡಿಮೆಯಾದರೆ ಆ ಮೋಟಾರು ನಿಧಾನ ತಿರುಗುತ್ತದೆ. ಸೆಕೆಂಡ್ ಅದೇ ಮೂರು, ಹೋಗುವ ದೂರ ಕಮ್ಮಿ.

ಹೇಗೆ ಹೊಳೆಯಿತು ಅಂತ ಕೇಳಿದೆ. ಅವರ ತೋಟಕ್ಕೆ ಸೋಲಾರ್ ಬೇಲಿ ಇದೆ. ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಬಾರದಿದ್ದರೆ ಬ್ಯಾಟರಿ ಇಳಿದು ಬೇಲಿಯ ಹೊಡೆತ ಮೆತ್ತಗಾಗುತ್ತದೆ, ರಾತ್ರಿ ಹಂದಿ ನುಗ್ಗುತ್ತವೆ. ಬ್ಯಾಟರಿ ನೋಡುವುದು ಮನೆಯಲ್ಲಿ ಅವನ ಕೆಲಸ. ಗಣಿತದಲ್ಲಿ ಕಷ್ಟಪಟ್ಟು ಪಾಸಾಗುವ ಹುಡುಗ. ಆ ನೋಟಿಸ್ ಪ್ರಕಾರ ಅವನು ಕಿಟಕಿಯ ಆಚೆಯೇ ಇರಬೇಕು.

ರ‍್ಯಾಂಕ್ ಮಕ್ಕಳು ಬೇಡ ಅಂತ ನಾನು ಹೇಳುತ್ತಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವ ಎನ್‌ಕೋಡರ್ ಆ ಮೋಟಾರಿನಲ್ಲೇ ಇತ್ತು. ಸೆಕೆಂಡ್ ಬಿಟ್ಟು ಸುತ್ತಿನ ಲೆಕ್ಕಕ್ಕೆ ಕೋಡ್ ಬದಲಿಸಿದವಳು ಅದೇ ಹುಡುಗಿ. ಬ್ಯಾಟರಿ ಸ್ವಲ್ಪ ಇಳಿದರೂ ರೋಬೋ ಚೌಕಕ್ಕೇ ಹೋಗಿ ನಿಂತಿತು. ಇಬ್ಬರೂ ಇದ್ದಿದ್ದರಿಂದ ಆದ ಕೆಲಸ ಅದು.

ಅಮೆರಿಕದಲ್ಲಿ ಡೀನ್ ಕಾಮೆನ್ ಅನ್ನುವ ಸಂಶೋಧಕರು 1989ರಲ್ಲಿ ಫಸ್ಟ್ ಅನ್ನುವ ಸಂಸ್ಥೆ ಕಟ್ಟಿದರು. 1992ರಲ್ಲಿ ಅವರ ಮೊದಲ ಸ್ಪರ್ಧೆ ನಡೆದಿದ್ದು ಒಂದು ಹೈಸ್ಕೂಲಿನ ಜಿಮ್‌ನಲ್ಲಿ, 28 ತಂಡಗಳಿದ್ದವು. ಅವರ ಟೆಕ್ ಚಾಲೆಂಜ್ ಅನ್ನುವ ಸ್ಪರ್ಧೆಯಲ್ಲಿ ಎರಡೆರಡು ತಂಡ ಜೊತೆಯಾಗಿ ಆಡುತ್ತವೆ. ಈ ಪಂದ್ಯದಲ್ಲಿ ಎದುರಾಳಿ ಆದವರು ಮುಂದಿನದರಲ್ಲಿ ನಮ್ಮ ಜೊತೆಗಾರರಾಗಬಹುದು. ಬರೀ ರೋಬೋ ನೋಡಿ ಬಿಡುವುದಿಲ್ಲ. ಹೇಗೆ ಮಾಡಿದಿರಿ, ಎಲ್ಲಿ ಕೆಟ್ಟಿತು, ಏನು ಬದಲಿಸಿದಿರಿ ಅಂತ ತೀರ್ಪುಗಾರರು ಕೂರಿಸಿ ಕೇಳುತ್ತಾರೆ. ಬರೆದಿಡುವವರು, ಮಾತಾಡುವವರು, ಖರ್ಚಿನ ಲೆಕ್ಕ ಇಡುವವರು ಎಲ್ಲರೂ ಬೇಕು. ಇಷ್ಟು ಥರದ ಕೆಲಸ ಇರುವಾಗ ಬಾಗಿಲಲ್ಲಿ ಒಂದೇ ಅಳತೆಗೋಲು ಯಾಕೆ?

ಹಾಗಾದರೆ ಹೇಗೆ ಆರಿಸುವುದು ಅಂತ ಮೇಷ್ಟ್ರುಗಳು ಕೇಳುತ್ತಾರೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಟೇಬಲ್ ಮೇಲೆ ಹಾಳಾದ ಫ್ಯಾನು, ಮಿಕ್ಸಿ, ಆಟದ ಕಾರು ಹರಡಿಡಿ. ವಿದ್ಯುತ್ ಕೊಡಬೇಡಿ. ಬಂದವರಿಗೆಲ್ಲ ಸ್ಕ್ರೂಡ್ರೈವರ್ ಕೊಡಿ. ಬಿಚ್ಚುವುದು ಯಾರಿಗೂ ಬರುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಒಂದು ಮುಚ್ಚಳದಲ್ಲಿ ಸಾಲಾಗಿ ಜೋಡಿಸಿಡುವ ಮಗು ಯಾವುದು ನೋಡಿ. ಪಕ್ಕದವನಿಗೆ ತೋರಿಸಿಕೊಡುವ ಮಗು ಯಾವುದು ನೋಡಿ. ಮೂರನೇ ವಾರವೂ ಬಂದವರನ್ನು ಸೇರಿಸಿಕೊಳ್ಳಿ. ಹೆಚ್ಚಾದರೆ ಎರಡು ತಂಡ ಮಾಡಿ.

ಸಂಜೆ ಏಳರವರೆಗೆ ಪ್ರಾಕ್ಟೀಸ್ ಇಟ್ಟರೆ ಕೊನೆ ಬಸ್ಸಿಗೆ ಕಾಯುವ ಮಕ್ಕಳು ತಾವಾಗಿಯೇ ಹೊರಗುಳಿಯುತ್ತಾರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಆಯಿತು, ಲಾಂಚ್ ಕಾಯುವುದು ತಪ್ಪಿತು. ಆದರೆ ಹೊಸನಗರ, ತೀರ್ಥಹಳ್ಳಿಯ ಒಳಗಿನ ಎಷ್ಟೋ ಹಳ್ಳಿಗಳಿಗೆ ಈಗಲೂ ಬಸ್ಸೇ ಗಡಿಯಾರ. ಅದಕ್ಕೇ ಶನಿವಾರ ಅಂದಿದ್ದು.

ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಚಾರ್ಟ್ ಬರೆಯಲು ಕೂರಿಸುವುದನ್ನೂ ನೋಡಿದ್ದೇನೆ. ಅವರ ಕೈಗೂ ಮೊದಲ ದಿನವೇ ಮಲ್ಟಿಮೀಟರ್ ಕೊಡಿ.

ದುಡ್ಡಿಲ್ಲ ಅನ್ನುವ ಮಾತು ಎಲ್ಲ ಕಡೆಯೂ ನಿಜವಲ್ಲ. ಮಕ್ಕಳು ಕೈಯಾರೆ ಮಾಡಿ ಕಲಿಯಲು ಶಾಲೆಯಲ್ಲೇ ಲ್ಯಾಬ್ ಮಾಡುವ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ, ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ಮಾಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದಾರೆ. ಲ್ಯಾಬ್ ಬಂದ ಮೇಲೆ ದಯವಿಟ್ಟು ಬೀರುವಿಗೆ ಬೀಗ ಹಾಕಬೇಡಿ. ಚಕ್ರ ಸಿಕ್ಕಿಕೊಂಡಾಗ ಮೋಟಾರು ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ, ಕೆಲವೊಮ್ಮೆ ಸುಡುತ್ತದೆ. ಸುಡಲಿ. ಯಾಕೆ ಸುಟ್ಟಿತು ಅಂತ ಆ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಅಪ್ಪ ಅಮ್ಮಂದಿರ ಎಸ್ಸೆಸ್ಸೆಲ್ಸಿ ಚಿಂತೆ ನನಗೂ ಅರ್ಥವಾಗುತ್ತದೆ. ಎಂಟು, ಒಂಬತ್ತರಲ್ಲಿ ಸೇರಿಸಿ. ಹತ್ತನೇ ತರಗತಿಗೆ ಬಂದಾಗ ಮುಂದುವರಿಯಬೇಕಾ ಅಂತ ಮಗುವನ್ನೇ ಕೇಳಿ.

ಸಾಗರ ಸುತ್ತಮುತ್ತಲಿನ ಶಾಲೆಯವರಿಗೆ ಒಂದು ಮಾತು. ಹಳೇ ಮೋಟಾರು, ಬೇರಿಂಗು, ವೈರು ನನ್ನ ಅಂಗಡಿಯಲ್ಲಿ ಬೇಕಾದಷ್ಟಿವೆ. ಮಕ್ಕಳು ಬಿಚ್ಚಿ ನೋಡಲು ಹಾಗೇ ಕೊಡುತ್ತೇನೆ. ಶನಿವಾರ ಮಧ್ಯಾಹ್ನ ಕರೆದರೆ ಬಂದು ಕೂತು ಹೇಳಿಯೂ ಕೊಡುತ್ತೇನೆ. ಮಾರ್ಕ್ಸ್ ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ.