ಫ್ಯೂಸನ್ನು ಬೈಯಬೇಡಿ ಮಾರಾಯ್ರೇ

ಗಿಟಾರಿನ ಆಂಪ್, ಅಂದರೆ ಆಂಪ್ಲಿಫೈಯರ್, ಆನ್ ಆಗದಿದ್ದರೆ ನಮ್ಮ ಹುಡುಗರು ಮೊದಲು ನೋಡುವುದು ಹೊಸ ಟ್ಯೂಬಿನ ರೇಟು. ಟ್ಯೂಬ್ ಅಂದರೆ ಟ್ಯೂಬ್‌ಲೈಟ್ ಅಲ್ಲ, ಹಳೇ ರೇಡಿಯೋದ ಒಳಗಿರುತ್ತಿದ್ದ ಗಾಜಿನ ವಾಲ್ವ್. ನನ್ನ ತಕರಾರು ಇರುವುದೇ ಅಲ್ಲಿ.

ಕಳೆದ ವಾರ ತಂಗಿಯ ಮಗ ಫೋನ್ ಮಾಡಿ "ಮಾವ, ಆಂಪ್ ಸತ್ತಿದೆ" ಅಂದ. 18 ವಾಟಿನ ಸಣ್ಣ ಆಂಪ್. ಒಳಗೆ ಒಟ್ಟು ಆರು ಟ್ಯೂಬು: ಸ್ಪೀಕರ್ ನಡೆಸಲು ಎರಡು ಇಎಲ್84, ಗಿಟಾರಿನ ಸಣ್ಣ ಸದ್ದನ್ನು ದೊಡ್ಡದು ಮಾಡಲು ಮೂರು ಇಸಿಸಿ83, ಎಸಿಯನ್ನು ಡಿಸಿ ಮಾಡಲು ಒಂದು ಇಝಡ್81. ಕೆಂಪು ದೀಪವೂ ಇಲ್ಲ, ಟ್ಯೂಬುಗಳ ಒಳಗೆ ಕೆಂಡದ ಬಣ್ಣವೂ ಇಲ್ಲ. ಪೇಟೆಯ ಅಂಗಡಿಯವರು ಬಿಚ್ಚಿಯೂ ನೋಡದೆ "ಟ್ಯೂಬ್ ಹೋಗಿದೆ, ಇಡೀ ಸೆಟ್ ಬದಲಿಸಬೇಕು" ಅಂದರಂತೆ.

ಅಲ್ಲ, ಒಂದು ಟ್ಯೂಬಿನ ಫಿಲಮೆಂಟ್ ಕಡಿದರೆ ಅದೊಂದೇ ಕತ್ತಲೆ, ಉಳಿದವು ಉರಿಯಬೇಕಲ್ಲ? ಎಲ್ಲವೂ ಒಟ್ಟಿಗೆ ಆರಿದ್ದರೆ ಕರೆಂಟೇ ಒಳಗೆ ಬಂದಿಲ್ಲ ಅಂತ ಲೆಕ್ಕ. ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿಸಿದೆ, ತಿರುಗಿತು. ವಯರ್ ಬದಲಿಸಲು ಹೇಳಿದೆ, ಪ್ರಯೋಜನವಿಲ್ಲ. ಫ್ಯೂಸ್ ತೆಗೆದರೆ ಗಾಜು ಮಸಿ ಹಿಡಿದಿತ್ತು. ತಂತಿ ನಡುವೆ ಸುಮ್ಮನೆ ಕಡಿದಿದ್ದರೆ ವಯಸ್ಸಾಯ್ತು ಅನ್ನಬಹುದು. ಗಾಜೇ ಕಪ್ಪಾಗಿದ್ದರೆ ಒಳಗೆಲ್ಲೋ ಶಾರ್ಟ್. ಅಷ್ಟೇ ಅಳತೆಯ ಹೊಸದು, ಟಿ ಎಂದು ಬರೆದಿರುವ ನಿಧಾನದ ಫ್ಯೂಸ್, ಹಾಕಿದ. ಅದೂ ಹಾರಿತು. ಅವನ ಗೆಳೆಯನೊಬ್ಬ ಸಿಗರೇಟಿನ ಬೇಗಡೆ ಸುತ್ತುವ ಉಪಾಯ ಹೇಳಿದ್ದಾನೆ! ಆಮೇಲೆ ಸುಡುವುದು ಟ್ರಾನ್ಸ್‌ಫಾರ್ಮರ್, ಆಂಪಿನಲ್ಲಿ ತೀರಾ ದುಬಾರಿಯಾದದ್ದು.

ಕಾಸರಗೋಡಿನ ಬದಿಯಡ್ಕದ ಕಡೆ ನನಗೆ ಪರಿಚಯದ ಮಾಷ್ಟ್ರೊಬ್ಬರಿದ್ದಾರೆ. ಶಾಲೆಯಲ್ಲಿ ವಿಜ್ಞಾನ, ರಜೆಯಲ್ಲಿ ರೇಡಿಯೋ ರಿಪೇರಿ. ಗಿಟಾರಿನ ಆಂಪ್ ಅವರು ಕಂಡದ್ದೇ ಇಲ್ಲ. ಮುಚ್ಚಳ ತೆಗೆದು "ಇದು ರೇಡಿಯೋವೇ ಅಲ್ವಾ" ಅಂದರು. ನಿಜ, ಇಎಲ್84 ಹಳೇ ರೇಡಿಯೋಗಳಲ್ಲಿ ಸ್ಪೀಕರಿಗೆ ಜೀವ ಕೊಡುತ್ತಿದ್ದ ವಾಲ್ವೇ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು.

ಪ್ಲಗ್ ಕಿತ್ತ ಮೇಲೂ ಅವರು ಒಳಗೆ ಕೈ ಹಾಕಲಿಲ್ಲ. ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಎಡಗೈ ಬೆನ್ನ ಹಿಂದೆ ಇಟ್ಟು, ರೆಸಿಸ್ಟರ್ ಕಟ್ಟಿದ ತಂತಿಯಿಂದ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಟ್ಟಿದ್ದು. ಇದು ಗೊತ್ತಿಲ್ಲದವರು ದಯವಿಟ್ಟು ಆಂಪ್ ಬಿಚ್ಚಬೇಡಿ.

ಆಮೇಲೆ ಬಂತು ಸೀರೀಸ್ ಬೋರ್ಡ್. 100 ವಾಟಿನ ಹಳೇ ಫಿಲಮೆಂಟ್ ಬಲ್ಬಿನ ಮೂಲಕ ಆಂಪಿಗೆ ಕರೆಂಟ್. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಹಾರುವುದಿಲ್ಲ. ಎಲ್ಲ ವಾಲ್ವ್ ಕಿತ್ತು ಸ್ವಿಚ್ ಹಾಕಿದರು. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಟ್ರಾನ್ಸ್‌ಫಾರ್ಮರ್ ಬದುಕಿದೆ! ಇಝಡ್81 ಮಾತ್ರ ಸಿಕ್ಕಿಸಿದರು. ಕೋಣೆಯೆಲ್ಲ ಬೆಳಕು. ವಾಲ್ವೋ, ಮುಂದಿನ ಕೆಪಾಸಿಟರೋ? ಡಬ್ಬಿಯಿಂದ ರೇಡಿಯೋದ ಇಝಡ್80 ತೆಗೆದು ಹಾಕಿದರು, ಕಾಲುಗಳ ಜೋಡಣೆ ಅದೇ. ಬಲ್ಬ್ ಮಂಕಾಗಿಯೇ ನಿಂತಿತು. ಅಂದರೆ ಶಾರ್ಟ್ ಇದ್ದದ್ದು ಇಝಡ್81ರಲ್ಲೇ. ಕಳ್ಳ ಸಿಕ್ಕಿದ.

ಅಂದರೆ ಅಂಗಡಿಯವರ ಮಾತಿನಲ್ಲಿ ಆರನೇ ಒಂದು ಪಾಲು ನಿಜವಿತ್ತು ಅಂತ ಒಪ್ಪುತ್ತೇನೆ. ಉಳಿದ ಐದು ವಾಲ್ವಿನ ದುಡ್ಡು?

ಅಳಿಯನಿಗೆ ಇಝಡ್80ಯಲ್ಲೇ ನುಡಿಸುವ ಆತುರ. "ಪರೀಕ್ಷೆಗೆ ಸಾಕು, ನುಡಿಸಲಿಕ್ಕೆ ಬೇಡ" ಅಂದರು ಮಾಷ್ಟ್ರು. ಅದು ತಾಳುವ ಕರೆಂಟ್ 90 ಮಿಲಿಆಂಪಿಯರ್, ಇಝಡ್81 ಆದರೆ 150. ಹೊಸದು ಕೊರಿಯರಿನಲ್ಲಿ ಬರಬೇಕು.

ದುಡ್ಡು ಕೇಳಿದರೆ ತೆಗೆದುಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ಬಲ್ಬ್. ಫಿಲಮೆಂಟ್ ಮುಕ್ತ ಕೇರಳ ಅನ್ನುವ ಯೋಜನೆಯಲ್ಲಿ ತುಂಬಾ ಮನೆಗಳಿಗೆ ಎಲ್‌ಇಡಿ ಬಂದಿದೆ, ಸೀರೀಸ್ ಬೋರ್ಡಿಗೆ ಅದು ಆಗುವುದಿಲ್ಲ. ಅವರಲ್ಲಿ ಉಳಿದಿರುವುದು ಇದೊಂದೇ. ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆ ಯಾರದಾದರೂ ಅಟ್ಟದಲ್ಲಿ 100 ವಾಟಿನ ಹಳೇ ಬಲ್ಬ್ ಇದ್ದರೆ ಕಮೆಂಟ್ ಹಾಕಿ, ನಾನೇ ಬಂದು ಒಯ್ಯುತ್ತೇನೆ.